ನಾರ್ಮನ್ ಲೂಯಿಸ್ ಪುಸ್ತಕ ಮತ್ತು ನಮ್ಮೂರ ಕ್ಯೂಸೆಕ್

ಇಂಗ್ಲಿಷ್ ಶಬ್ದಸಂಪತ್ತು ಹೆಚ್ಚಿಸಿಕೊಳ್ಳಬೇಕು ಅಂತ ಯಾರಾದರೂ ಕೇಳಿದರೆ ನಮ್ಮ ದೇಶದಲ್ಲಿ ಸಿಗೋ ಉತ್ತರ ಒಂದೇ. ನಾರ್ಮನ್ ಲೂಯಿಸ್ ಬರೆದ 'ವರ್ಡ್ ಪವರ್ ಮೇಡ್ ಈಜಿ'. ಬ್ಯಾಂಕ್ ಪರೀಕ್ಷೆ ಬರೆಯೋರಿಗೂ ಅದೇ, ಐಎಎಸ್ ಕನಸು ಕಾಣೋರಿಗೂ ಅದೇ, ಕ್ಯಾಂಪಸ್ ಇಂಟರ್‌ವ್ಯೂಗೆ ತಯಾರಾಗೋ ಎಂಜಿನಿಯರಿಂಗ್ ಹುಡುಗರಿಗೂ ಅದೇ. ಫುಟ್‌ಪಾತ್ ಮೇಲೆ ಝೆರಾಕ್ಸ್ ಕಾಗದದಂಥ ಹಾಳೆಯ ನಕಲಿ ಪ್ರತಿ, ಅಂಗಡಿಯಲ್ಲಿ ಅಸಲಿ ಪ್ರತಿ, ಮೊಬೈಲಿನಲ್ಲಿ ಪಿಡಿಎಫ್. ಅಮೆರಿಕದಲ್ಲಿ 1949ರಲ್ಲಿ ಬಂದ ಪುಸ್ತಕ, 1978ರಲ್ಲಿ ಪರಿಷ್ಕರಣೆ ಆಯಿತು. ಬರೆದವರು 2006ರಲ್ಲಿ ತೀರಿಕೊಂಡರು. ಪುಸ್ತಕಕ್ಕೆ ಮಾತ್ರ ಇನ್ನೂ ವಯಸ್ಸಾಗಿಲ್ಲ.

ನಾನು ಅದನ್ನು ಎರಡು ಸಲ ಓದಿದ್ದೇನೆ. ಮೊದಲ ಸಲ ಬಿ.ಇ. ಕೊನೇ ವರ್ಷದಲ್ಲಿ, ನೌಕರಿ ಸಿಗಲಿ ಅಂತ. ಎರಡನೇ ಸಲ ಇತ್ತೀಚೆಗೆ, ಮೂಡಲಗಿಯ ನಮ್ಮ ಕಾಕಾನ ಮಗನ ಕಾರಣಕ್ಕೆ. ಧಾರವಾಡದಲ್ಲಿ ರೂಮ್ ಮಾಡಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿರುವ ಹುಡುಗ ಅವನು. ಫೋನ್ ಮಾಡಿ, "ಅಣ್ಣಾ, ಈ ಪುಸ್ತಕ ಮುಗಿಸಿದ್ರ ಇಂಗ್ಲಿಷ್ ಬರತೈತೇನು?" ಅಂದ. ಹೌದು ಅನ್ನೋಕೂ ಆಗಲಿಲ್ಲ, ಇಲ್ಲ ಅನ್ನೋಕೂ ಆಗಲಿಲ್ಲ. ಹತ್ತು ಹನ್ನೆರಡು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ, ದಿನಾ ಇಂಗ್ಲಿಷಿನಲ್ಲೇ ಜಗಳ ಆಡಿ, ಇಂಗ್ಲಿಷಿನಲ್ಲೇ ಸಮಾಧಾನ ಮಾಡಿ ಬಂದ ಮೇಲೆ ಆ ಪುಸ್ತಕ ಹೇಗೆ ಕಾಣುತ್ತದೆ ಅಂತ ಮತ್ತೆ ತೆಗೆದು ನೋಡಿದೆ. ಇದು ಅದರ ವರದಿ.

ಮೊದಲು ಒಳ್ಳೆಯದನ್ನು ಹೇಳಿಬಿಡೋಣ. ಲೂಯಿಸ್ ದೊಡ್ಡ ಮೇಷ್ಟ್ರು. ಶಬ್ದದ ಪಟ್ಟಿ ಕೊಟ್ಟು ಬಾಯಿಪಾಠ ಮಾಡಿ ಅನ್ನೋ ಪೈಕಿ ಅಲ್ಲ. ಮೊದಲು ಒಂದು ವಿಚಾರವನ್ನು ಮುಂದಿಡುತ್ತಾರೆ, ಆಮೇಲೆ ಅದಕ್ಕೆ ಹೆಸರು ಕೊಡುತ್ತಾರೆ. ತನ್ನ ಲಾಭವನ್ನೇ ನೋಡುವ ಮನುಷ್ಯ, ತನ್ನ ಬಗ್ಗೆಯೇ ಕೊಚ್ಚಿಕೊಳ್ಳುವ ಮನುಷ್ಯ, ಬೇರೆಯವರ ಒಳಿತಿಗೆ ಬದುಕುವ ಮನುಷ್ಯ – ಹೀಗೆ ಹತ್ತು ಥರದವರನ್ನು ಪರಿಚಯ ಮಾಡಿಸಿ, ಇವನು ಈಗೋಯಿಸ್ಟ್, ಇವನು ಈಗೋಟಿಸ್ಟ್, ಇವನು ಆಲ್ಟ್ರೂಯಿಸ್ಟ್ ಅಂತಾರೆ. ಆಮೇಲೆ ಶಬ್ದವನ್ನು ಬಿಚ್ಚುತ್ತಾರೆ. ಲ್ಯಾಟಿನ್ ಬೇರು ಇದು, ಗ್ರೀಕ್ ಬೇರು ಇದು, ಒಂದು ಬೇರು ಹಿಡಿದರೆ ಅದಕ್ಕೆ ಜೋತುಬಿದ್ದ ಹತ್ತು ಶಬ್ದ ಸಿಗುತ್ತವೆ. ಉಚ್ಚಾರ ಜೋರಾಗಿ ಹೇಳಿಸುತ್ತಾರೆ. ಹಿಂದಿನ ಪಾಠದ ಶಬ್ದವನ್ನು ಮುಂದಿನ ಪಾಠದಲ್ಲಿ ಮತ್ತೆ ಕೇಳಿ ನೆನಪು ಗಟ್ಟಿ ಮಾಡಿಸುತ್ತಾರೆ. ಜಿಆರ್‌ಇ ಗೈಡುಗಳ ಎ ಯಿಂದ ಝಡ್ ಪಟ್ಟಿಯ ಜೊತೆ ಹೋಲಿಸಿ ನೋಡಿ. ಆ ಪಟ್ಟಿ ಹಿಡಿದವರಿಗೆಲ್ಲ ಎ ಅಕ್ಷರದ ಶಬ್ದ ಚೆನ್ನಾಗಿ ಬರುತ್ತವೆ, ಎಂ ದಾಟಿದವರನ್ನು ನಾನು ಕಂಡಿದ್ದು ಕಡಿಮೆ. ಲೂಯಿಸ್ ಪುಸ್ತಕವನ್ನು ಕಾಲುಭಾಗ ಓದಿ ಬಿಟ್ಟವರಿಗೂ ಏನೋ ಒಂದು ದಕ್ಕಿರುತ್ತದೆ.

ಹಾಗಾದರೆ ತಕರಾರು ಏನು?

ಈ ಪುಸ್ತಕ ನಮಗಾಗಿ ಬರೆದದ್ದಲ್ಲ. ಇದು ಬೈಗುಳ ಅಲ್ಲ, ವಿಳಾಸದ ಪ್ರಶ್ನೆ. ಲೂಯಿಸ್ ಕಣ್ಣ ಮುಂದೆ ಇದ್ದದ್ದು ಇಂಗ್ಲಿಷನ್ನೇ ತಾಯಿಯ ಹಾಲಿನ ಜೊತೆ ಕುಡಿದು ಬೆಳೆದ ಅಮೆರಿಕದ ಓದುಗ. ಅವನಿಗೆ ಸಣ್ಣ ಶಬ್ದಗಳೆಲ್ಲ ಬರುತ್ತವೆ. ಪುಟ್ ಆಫ್, ಪುಟ್ ಅಪ್ ವಿತ್, ಟರ್ನ್ ಡೌನ್, ಬ್ರಿಂಗ್ ಅಪ್ – ಇವನ್ನು ಯಾರೂ ಅವನಿಗೆ ಕಲಿಸಬೇಕಿಲ್ಲ. ಅವನಿಗೆ ಬಾರದಿರುವುದು ಲ್ಯಾಟಿನ್ ಗ್ರೀಕಿನಿಂದ ಬಂದ ದೊಡ್ಡ ಶಬ್ದಗಳು ಮಾತ್ರ. ಅಂದರೆ ಅವನ ಮನೆಗೆ ಅಡಿಪಾಯ, ಗೋಡೆ, ಮಾಳಿಗೆ ಎಲ್ಲ ಆಗಿದೆ, ಬಣ್ಣ ಹೊಡೆಯೋದು ಬಾಕಿ. ಲೂಯಿಸ್ ಬಣ್ಣ ಕೊಡುತ್ತಾರೆ, ಅದೂ ಒಳ್ಳೇ ಬಣ್ಣ. ಐದನೇ ಇಯತ್ತೆಯಲ್ಲಿ ಎಬಿಸಿಡಿ ಶುರು ಮಾಡಿದ ನಮ್ಮಂಥವರು ಅದೇ ಡಬ್ಬಿ ತಂದು ಬುನಾದಿಗೆ ಹೊಡೆಯುತ್ತಿದ್ದೇವೆ.

ಇದರ ಫಲ ನಾನು ಆಫೀಸಿನಲ್ಲಿ ದಿನಾ ನೋಡುತ್ತೇನೆ. ನಮ್ಮ ಕಡೆಯಿಂದ ಬಂದ ಜಾಣ ಹುಡುಗರ ಇ-ಮೇಲಿನಲ್ಲಿ ಒಂದು ಭಾರಿ ಶಬ್ದ ಇರುತ್ತದೆ. ಅದರ ಆಚೆ ಈಚೆ ಇರಬೇಕಾದ ಅನ್‌ಲೆಸ್, ಅಂಟಿಲ್, ಇನ್‌ಸ್ಟೆಡ್ ಆಫ್, ಬೈ ಫ್ರೈಡೇ ಇರುವುದಿಲ್ಲ ಅಥವಾ ತಪ್ಪು ಜಾಗದಲ್ಲಿ ಇರುತ್ತವೆ. ಬೈ ಫ್ರೈಡೇ ಅಂದರೆ ಶುಕ್ರವಾರದೊಳಗೆ, ಅಂಟಿಲ್ ಫ್ರೈಡೇ ಅಂದರೆ ಶುಕ್ರವಾರದ ತನಕ. ಇವೆರಡು ಅದಲು ಬದಲಾದರೆ ಒಂದು ರಿಲೀಸ್ ಮುಗ್ಗರಿಸುತ್ತದೆ. ಮಿಸಾಂತ್ರೋಪ್ ಅನ್ನೋ ಶಬ್ದ ಬಾರದಿದ್ದರೆ ಯಾರ ಕೆಲಸವೂ ನಿಲ್ಲುವುದಿಲ್ಲ. ಈ ಸಣ್ಣ ಶಬ್ದಗಳಿಗೆ 'ಅಡ್ವಾನ್ಸ್‌ಡ್ ವೊಕ್ಯಾಬುಲರಿ' ಅನ್ನೋ ಮರ್ಯಾದೆ ಇಲ್ಲ. ಅದಕ್ಕೇ ಅವನ್ನು ಯಾರೂ ಕಲಿಸುವುದಿಲ್ಲ, ಕಲಿಯುವುದಕ್ಕೆ ಕೇಳಲು ನಮಗೂ ನಾಚಿಕೆ.

ಎರಡನೇ ತಕರಾರು, ಪುಸ್ತಕದೊಳಗಿನ ಲೋಕದ್ದು. ಲೂಯಿಸ್ ಒಂದು ಅಧ್ಯಾಯದಲ್ಲಿ ಹತ್ತು ಡಾಕ್ಟರರನ್ನು ಸಾಲಾಗಿ ನಿಲ್ಲಿಸುತ್ತಾರೆ. ಪೀಡಿಯಾಟ್ರಿಶಿಯನ್, ಡರ್ಮಟಾಲಜಿಸ್ಟ್, ಆರ್ಥೊಪೀಡಿಸ್ಟ್ ಇತ್ಯಾದಿ. ಈಗ ನಮ್ಮ ಕಡೆಯ ಆಸ್ಪತ್ರೆಯ ಬೋರ್ಡ್ ನೆನಪು ಮಾಡಿಕೊಳ್ಳಿ. 'ಎಲುಬು ಮತ್ತು ಕೀಲು ತಜ್ಞರು' ಅಂತ ಇರುತ್ತದೆ. ಸಾಲಿ ಕಟ್ಟೆ ಹತ್ತದ ನಮ್ಮಜ್ಜಿಗೆ ಆ ಬೋರ್ಡ್ ಓದಿ ಹೇಳಿದರೆ ಸಾಕು, ಮೊಣಕಾಲ ನೋವಿಗೆ ಹೋಗಬೇಕಾದ್ದು ಅಲ್ಲೇ ಅಂತ ತಿಳಿಯುತ್ತದೆ. ಆರ್ಥೊಪೀಡಿಸ್ಟ್ ಅನ್ನೋ ಶಬ್ದ ಬಿಚ್ಚಿದರೆ ಏನು ಸಿಗುತ್ತದೆ? ಗ್ರೀಕಿನಲ್ಲಿ ಆರ್ಥೊ ಅಂದರೆ ನೆಟ್ಟಗೆ, ಪೀಡ್ ಬಂದದ್ದು ಮಗು ಅನ್ನೋದರಿಂದ. ಮಕ್ಕಳ ಸೊಟ್ಟ ಮೈಯನ್ನು ನೆಟ್ಟಗೆ ಮಾಡುವ ವಿದ್ಯೆ ಅಂತ ಒಬ್ಬ ಫ್ರೆಂಚ್ ವೈದ್ಯ 1741ರಲ್ಲಿ ಕಟ್ಟಿದ ಶಬ್ದದ ಮೂಲ ಅದು. ಅದರಲ್ಲಿ ಎಲುಬೂ ಇಲ್ಲ, ಕೀಲೂ ಇಲ್ಲ. ಬೇರು ಹುಡುಕಿದರೂ ಅಜ್ಜಿಯ ಮೊಣಕಾಲು ಸಿಗುವುದಿಲ್ಲ!

ಇಲ್ಲಿ ಒಂದು ಮಾತು ತಿಳಿಯಬೇಕು. ಇಂಗ್ಲಿಷಿನ ದೊಡ್ಡ ಶಬ್ದ ಇಂಗ್ಲಿಷರಿಗೇ ಕಷ್ಟ. ಹಾಗಾಗಿಯೇ ಅವರಿಗೇ ಇಂಥ ಪುಸ್ತಕ ಬೇಕಾಯಿತು. ಆ ಶಬ್ದ ಬಾರದ ಕಾರಣಕ್ಕೆ ಗೋಕಾಕದ ಹುಡುಗ ತನ್ನನ್ನು ತಾನು ದಡ್ಡ ಅಂದುಕೊಳ್ಳುವುದಕ್ಕೆ ಅರ್ಥವೇ ಇಲ್ಲ.

ಇನ್ನು ಮೂರನೆಯದು, ಲೂಯಿಸ್‌ಗೆ ಗೊತ್ತಿರಲು ಸಾಧ್ಯವೇ ಇಲ್ಲದ, ಆದರೆ ನಮಗೆ ಪುಕ್ಕಟೆ ಸಿಕ್ಕಿರುವ ಒಂದು ಸೌಲಭ್ಯ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಅಂತ ಹೇಳಿದರಲ್ಲ, ಅದನ್ನು ಶಬ್ದ ಕಲಿಯೋ ಕೆಲಸಕ್ಕೆ ಹಚ್ಚಿ ನೋಡಿ. ಈಗೋ ಮತ್ತು ಅಹಂ ಒಂದೇ ಬಳ್ಳಿಯವು. ಪೋಡಿಯಾಟ್ರಿಸ್ಟ್‌ನ ಪೋಡ್ ನಮ್ಮ ಪಾದ. ಆರ್ಥೊಡಾಂಟಿಸ್ಟ್‌ನ ಡಾಂಟ್ ನಮ್ಮ ದಂತ. ಜೆರಂಟಾಲಜಿಯ ಜೆರಂಟ್ ನಮ್ಮ ಜರಾ, ಅಂದರೆ ಮುಪ್ಪು. ಇನ್‌ಸೋಮ್ನಿಯಾದ ಸೋಮ್ನ್ ನಮ್ಮ ಸ್ವಪ್ನ. ಇಂಟ್ರೋವರ್ಟ್‌ನ ವರ್ಟ್ ಅಂದರೆ ತಿರುಗು, ಅದು ನಮ್ಮ ವರ್ತುಲ, ಪರಿವರ್ತನೆಗಳಲ್ಲಿ ಇದೆ. ಅನಾನಿಮಸ್ ಅಂತೂ ಹೆಚ್ಚು ಕಡಿಮೆ ನಮ್ಮ ಅನಾಮಿಕನೇ. ಇಮ್ಮಾರ್ಟಲ್ ಮತ್ತು ಅಮೃತ ಎರಡರಲ್ಲೂ ಇರುವುದು ಸಾವಿನ ಬೇರು, ಮುಂದೆ ಒಂದು 'ಅಲ್ಲ'. ಕನ್ನಡ ಓದಿದ ಹುಡುಗನಿಗೆ ಲೂಯಿಸ್ ಪುಸ್ತಕದ ಎಷ್ಟೋ ಬೇರುಗಳು ಮೊದಲೇ ಮನೆಯಲ್ಲಿ ಇವೆ. ಇದನ್ನು ಬಳಸಿಕೊಂಡು ಯಾರಾದರೂ ಕನ್ನಡದಲ್ಲಿ ಒಂದು ಶಬ್ದಪುಸ್ತಕ ಬರೆದರೆ ಅರ್ಧ ಕೆಲಸ ಹಗುರ.

ಆದರೆ ಇದರಲ್ಲೂ ಒಂದು ತೊಡಕಿದೆ, ಮುಚ್ಚಿಡಬಾರದು. ಈ ಪಾದ, ದಂತ, ಸ್ವಪ್ನಗಳು ಕನ್ನಡಕ್ಕೆ ಸಂಸ್ಕೃತದಿಂದ ಬಂದ ಶಬ್ದಗಳು. ಕನ್ನಡದ ಬುಡ ಬೇರೆ. ತಮಿಳು, ತೆಲುಗು, ಕನ್ನಡಗಳದ್ದು ಬೇರೆಯೇ ಕುಟುಂಬ ಅಂತ ಎಲ್ಲಿಸ್ 1816ರಲ್ಲೇ ತೋರಿಸಿದ್ದರು. ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ದಂತ ಇಲ್ಲ, ಹಲ್ಲು ಅದಾವ. ಪಾದಕ್ಕೆ ನಮಸ್ಕಾರ ಮಾಡ್ತೀವಿ, ನಡೆಯೋದು ಮಾತ್ರ ಕಾಲಿನಿಂದಲೇ. ಪುಸ್ತಕದ ಕನ್ನಡವೇ ನಮಗೆ ಮೊದಲ 'ಅಡ್ವಾನ್ಸ್‌ಡ್ ವೊಕ್ಯಾಬುಲರಿ' ಆಗಿತ್ತು. ಲಘುತ್ತಮ ಸಾಮಾನ್ಯ ಅಪವರ್ತ್ಯ ಅಂತ ಪೂರ್ತಿ ಹೇಳಲಾಗದೆ ಲ.ಸಾ.ಅ. ಅಂತ ಹೇಳಿ ಪಾಸಾದೆವು. ದ್ಯುತಿಸಂಶ್ಲೇಷಣೆ ಬರೆಯೋಕೆ ಕಲಿತೆವು, ವೇಗೋತ್ಕರ್ಷ ಕಲಿತೆವು. ಹತ್ತನೇ ಇಯತ್ತೆ ಮುಗಿಸಿ ಪಿಯುಸಿ ಸೈನ್ಸ್‌ಗೆ ಬಂದ ದಿನವೇ ಅವೆಲ್ಲ ಸತ್ತವು. ಫೋಟೋಸಿಂಥೆಸಿಸ್, ಆಕ್ಸಲರೇಶನ್ ಅಂತ ಮತ್ತೆ ಒಂದರಿಂದ ಶುರು. ಎಲೆ ಬಿಸಿಲಿನಲ್ಲಿ ಅಡುಗೆ ಮಾಡಿಕೊಳ್ಳುತ್ತದೆ ಅನ್ನೋ ಒಂದು ಸಂಗತಿಗೆ ಎರಡು ಭಾಷೆಯಲ್ಲಿ ಎರಡು ಬೀಗ, ನಮ್ಮ ಕೈಯಲ್ಲಿ ಎರಡು ಕೀಲಿ. ಎಷ್ಟೋ ಮಂದಿ ಎರಡನೇ ಕೀಲಿ ತಿರುಗದೆ ಪಿಯುಸಿಯಲ್ಲೇ ಉಳಿದರು. ಲೆಕ್ಕ ಬಾರದವರಲ್ಲ ಅವರು.

ಕಷ್ಟದ ಶಬ್ದವನ್ನು ಮಂದಿಗೆ ಮುಟ್ಟಿಸೋ ದಾರಿ ನಮ್ಮ ಕಡೆ ಇರಲೇ ಇಲ್ಲವೇ? ಇತ್ತು. ಶ್ರೀಕೃಷ್ಣ ಪಾರಿಜಾತ ನೋಡಿದ್ದೀರಾ? ಈ ಆಟಕ್ಕೆ ಇವತ್ತಿನ ರೂಪ ಕೊಟ್ಟವರು ಕುಲಗೋಡ ತಮ್ಮಣ್ಣ, ಮೂಡಲಗಿ ಪಕ್ಕದ ಕುಲಗೋಡಿನವರು. ಅದನ್ನು ಮನೆಮಾತಾಗಿಸಿದ ಕಲಾವಿದೆ ಕೌಜಲಗಿ ನಿಂಗಮ್ಮ. ಅದರ ಪದಗಳಲ್ಲಿ ಸಂಸ್ಕೃತದ ದೊಡ್ಡ ದೊಡ್ಡ ಶಬ್ದ ಬರುತ್ತವೆ. ಆದರೆ ಒಂದು ಪದ ಹಾಡಿದ ಕೂಡಲೇ ಮಾತು ಶುರುವಾಗುತ್ತದೆ. ದೂತಿ ಬಂದು, ಅದೇನವ್ವಾ ನೀ ಹಾಡಿದ್ದು, ಬಿಡಿಸಿ ಹೇಳು ಅನ್ನೋ ಥರ ಕೆಣಕುತ್ತಾಳೆ. ಸತ್ಯಭಾಮೆ ಅದನ್ನೇ ನಮ್ಮೂರ ಮಾತಿನಲ್ಲಿ ಬಿಡಿಸುತ್ತಾಳೆ. ದೂತಿ ಬೇಕಂತಲೇ ತಪ್ಪು ತಿಳಿಯುತ್ತಾಳೆ, ಮಂದಿ ನಗುತ್ತಾರೆ, ಸತ್ಯಭಾಮೆ ಮತ್ತೆ ಹೇಳುತ್ತಾಳೆ. ಬೆಳಗಾಗೋದರೊಳಗೆ ಹೊಲದ ಕೆಲಸ ಮಾಡಿ ಬಂದ ಮನುಷ್ಯನಿಗೂ ಆ ಪದದ ಅರ್ಥ, ಅದನ್ನು ಯಾವಾಗ ಯಾರಿಗೆ ಅನ್ನಬೇಕು ಅನ್ನೋದು ತಿಳಿದಿರುತ್ತದೆ. ಲೂಯಿಸ್ ಬರೆದ ಅಭ್ಯಾಸಗಳಲ್ಲಿ ಇಲ್ಲದ್ದು ಇದೇ. ಅವರ ಪುಸ್ತಕದಲ್ಲಿ ಮೇಷ್ಟ್ರು ಇದ್ದಾರೆ, ತಿರುಗಿ ಕೇಳೋ ದೂತಿ ಇಲ್ಲ. ಶಬ್ದಕ್ಕೆ ಅರ್ಥ ಸಿಗುತ್ತದೆ, ಅದು ಯಾವ ಶಬ್ದದ ಜೊತೆ ಕೂಡುತ್ತದೆ, ಯಾರ ಎದುರಿಗೆ ಆಡಬಾರದು ಅನ್ನೋದು ಸಾಕಷ್ಟು ಸಿಗುವುದಿಲ್ಲ. ಸುಳ್ಳುಗಾರರಲ್ಲೇ ಹತ್ತು ಥರ ಕಲಿಸುತ್ತಾರೆ. ಮ್ಯಾನೇಜರಿಗೆ, ಸರ್ ನೀವು ಹೇಳಿದ ತಾರೀಖು ಆಗೋದಿಲ್ಲ ಅಂತ ಸಿಟ್ಟು ಬರದ ಹಾಗೆ ಹೇಳೋದು ಹೇಗೆ ಅನ್ನೋದಕ್ಕೆ ಅಧ್ಯಾಯ ಇಲ್ಲ.

ಶಬ್ದ ನಿಜವಾಗಿ ಹೇಗೆ ಬರುತ್ತದೆ ಅನ್ನೋದಕ್ಕೆ ನಮ್ಮ ಮೂರು ತಾಲೂಕಿನಲ್ಲೇ ಸಾಕ್ಷಿ ಇದೆ. ಮಳೆಗಾಲದಲ್ಲಿ ಘಟಪ್ರಭೆಯ ದಂಡೆಯ ಯಾವ ಊರಿಗಾದರೂ ಹೋಗಿ ಕಟ್ಟೆ ಮೇಲೆ ಕೂಡ್ರಿ. "ಹಿಡಕಲ್ಲಿಂದ ಎಷ್ಟ್ ಕ್ಯೂಸೆಕ್ ಬಿಟ್ಟಾರಂತ?" "ಒಳಹರಿವು ಭಾಳ ಐತಿ, ಡ್ಯಾಮಿನಾಗ ಎಷ್ಟ್ ಟಿಎಂಸಿ ಆಗೈತಿ ನೋಡು." ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಹನ್ನೊಂದೂವರೆ ಸಾವಿರ ಕ್ಯೂಸೆಕ್ ಒಂದು ದಿನ ಪೂರ್ತಿ ಹರಿದರೆ ಹತ್ತಿರ ಹತ್ತಿರ ಒಂದು ಟಿಎಂಸಿ. ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮಿನಲ್ಲಿ ಹಿಡಿಯೋದು ಸುಮಾರು 51 ಟಿಎಂಸಿ. ಇದು ಜಲವಿಜ್ಞಾನದ ಪರಿಭಾಷೆ. ಇದನ್ನು ಕಲಿಸೋಕೆ ಯಾವ ಕೋಚಿಂಗ್ ಕ್ಲಾಸೂ ಇರಲಿಲ್ಲ. ಇಷ್ಟು ಕ್ಯೂಸೆಕ್ ಬಿಟ್ಟರೆ ಲೋಳಸೂರ ಸೇತುವೆ ಮುಳುಗುತ್ತದೆ, ಅದಕ್ಕಿಂತ ಹೆಚ್ಚಾದರೆ ಪೇಟೆಗೆ ನೀರು ನುಗ್ಗುತ್ತದೆ ಅನ್ನೋ ಲೆಕ್ಕ ಮನೆಯ ಸಾಮಾನು ಎತ್ತಿಡೋ ಲೆಕ್ಕ. 2019ರ ಆಗಸ್ಟಿನಲ್ಲಿ ಗೋಕಾಕ ಮುಳುಗಿದಾಗ ಆ ಶಬ್ದದ ಅರ್ಥ ಗೊತ್ತಿಲ್ಲದ ಮನುಷ್ಯ ಊರಲ್ಲಿ ಉಳಿದಿರಲಿಲ್ಲ.

ಇನ್ನೂ ಇವೆ. ಕಬ್ಬು ಬೆಳೆಯೋ ರೈತನಿಗೆ ರಿಕವರಿ ಗೊತ್ತು. ನೂರು ಕಿಲೋ ಕಬ್ಬು ಅರೆದರೆ ಎಷ್ಟು ಕಿಲೋ ಸಕ್ಕರೆ ಅನ್ನೋ ಲೆಕ್ಕ ಅದು, ಅವನ ದರ ನಿಂತಿರೋದೇ ಅದರ ಮೇಲೆ. ಇಂಗ್ಲಿಷ್ ಡಿಕ್ಷನರಿಯಲ್ಲಿ ಸೊಸೈಟಿ ಅಂದರೆ ಸಮಾಜ. ನಮ್ಮಲ್ಲಿ ಸೊಸೈಟಿ ಅಂದರೆ ಸಾಲ ಕೊಡೋದು, ಗೊಬ್ಬರ ಕೊಡೋದು. ಹುಕ್ಕೇರಿ ಕಡೆ ಕರೆಂಟನ್ನು ಕೊಡೋದು ಕೂಡ ಒಂದು ಸಹಕಾರಿ ಸೊಸೈಟಿಯೇ, ಸುತ್ತಲಿನ ತಾಲೂಕುಗಳಿಗೆಲ್ಲ ಹೆಸ್ಕಾಂ ಇದ್ದರೂ. ಗೋಕಾಕ ಫಾಲ್ಸಿನ ನೂಲಿನ ಗಿರಣಿಯಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಯಿಂದ ದುಡಿದವರ ಬಾಯಲ್ಲಿ ಸ್ಪಿಂಡಲ್, ಬಾಬಿನ್ ಮನೆಯ ಸಾಮಾನಿನ ಹೆಸರಿನಷ್ಟು ಸಲೀಸು. ಇವರಲ್ಲಿ ಯಾರೂ ವೊಕ್ಯಾಬುಲರಿ ಕಲಿತೆವು ಅಂತ ಹೇಳಿಕೊಳ್ಳುವುದಿಲ್ಲ. ಕೆಲಸ ಬಂತು, ಕೆಲಸದ ಜೊತೆ ಶಬ್ದ ಬಂತು, ಅಷ್ಟೇ.

ನನ್ನ ಕೆಲಸದಲ್ಲೂ ಹೀಗೇ ಆಯಿತು. ಲೂಯಿಸ್ ಪುಸ್ತಕದಿಂದ ಬಂದ ಶಬ್ದಗಳಲ್ಲಿ ಬಳಸಿದ್ದು ಕೆಲವೇ ಕೆಲವು. ಕೆಲಸದಲ್ಲಿ ಬಂದ ಶಬ್ದ ಒಂದೂ ಮರೆತಿಲ್ಲ. ಐಡೆಂಪೊಟೆಂಟ್ ಅಂತ ಒಂದು ಶಬ್ದ ಇದೆ. ಕೇಳಿದರೆ ಹೆದರಿಕೆ ಆಗಬೇಕು. ಅರ್ಥ ಇಷ್ಟೇ: ಪಂಪ್‌ಸೆಟ್ಟಿನ ಆಫ್ ಬಟನ್ ಹತ್ತು ಸಲ ಒತ್ತಿದರೂ ಮೋಟಾರು ಬಂದ್ ಆಗೋದು ಒಂದೇ ಸಲ. ಹಣ ಕಳಿಸೋ ಬಟನ್ನೂ ಹಾಗೇ ಇರಬೇಕು, ನೆಟ್‌ವರ್ಕ್ ಸಿಗದೆ ನೀವು ಎರಡು ಸಲ ಒತ್ತಿದರೆ ಎರಡು ಸಲ ದುಡ್ಡು ಹೋಗಬಾರದು. ಡೆಪ್ರಿಕೇಟೆಡ್ ಅಂತ ಇನ್ನೊಂದು. ಡಿಕ್ಷನರಿಯಲ್ಲಿ 'ಒಪ್ಪದಿರು, ಬೇಡವೆನ್ನು' ಅಂತ ಸಿಗುತ್ತದೆ. ನಮ್ಮಲ್ಲಿ ಅದರ ಅರ್ಥ, ಹಳೇ ಸೇತುವೆ ಇನ್ನೂ ಐತಿ, ಸದ್ಯ ಬೀಳಂಗಿಲ್ಲ, ಆದರೂ ಇನ್ನ ಮ್ಯಾಲ ಹೊಸದರ ಮ್ಯಾಲ ಹೋಗ್ರಿ, ಇದನ್ನ ಯಾವಾಗರ ಕೆಡವತೀವಿ ಅಂತ. ಲೇಟೆನ್ಸಿ, ಥ್ರೂಪುಟ್ ಅಂತ ಎರಡನ್ನು ಹೊಸಬರು ಯಾವಾಗಲೂ ಗೊಂದಲ ಮಾಡಿಕೊಳ್ಳುತ್ತಾರೆ. ನಾನು ಕಾಲುವೆ ಹೇಳುತ್ತೇನೆ. ಧೂಪದಾಳದಲ್ಲಿ ಗೇಟ್ ಎತ್ತಿದ ಮೇಲೆ ಟೇಲ್ ಎಂಡ್ ರೈತನ ಹೊಲಕ್ಕೆ ನೀರು ಮುಟ್ಟೋಕೆ ಎಷ್ಟು ಹೊತ್ತು ಅನ್ನೋದು ಲೇಟೆನ್ಸಿ. ಮುಟ್ಟಿದ ಮೇಲೆ ಎಷ್ಟು ಕ್ಯೂಸೆಕ್ ಹರಿಯುತ್ತದೆ ಅನ್ನೋದು ಥ್ರೂಪುಟ್. ಕಾಲುವೆ ಅಗಲ ಮಾಡಿದ ಮಾತ್ರಕ್ಕೆ ದೂರ ಕಡಿಮೆ ಆಗೋದಿಲ್ಲ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಹುಡುಗಿಯೊಬ್ಬಳು ಇದನ್ನು ಕೇಳಿ, "ಟೇಲ್ ಎಂಡ್ ಅಂದ್ರೆ ಏನು ಸರ್?" ಅಂದಳು. ಕೊನೇ ಹೊಲದವರ ಪಾಡು ಹೇಳೋದಕ್ಕೆ ಅರ್ಧ ತಾಸು ಹಿಡಿಯಿತು. ಅವತ್ತು ಆ ಮೀಟಿಂಗಿನಲ್ಲಿ ಅಡ್ವಾನ್ಸ್‌ಡ್ ವೊಕ್ಯಾಬುಲರಿ ಇದ್ದದ್ದು ನಮ್ಮ ಕಡೆಯವರ ಹತ್ತಿರ.

ಇಷ್ಟೆಲ್ಲ ಇದ್ದರೂ ಈ ದೊಡ್ಡ ಶಬ್ದಗಳ ಭಯ ಯಾಕೆ ಉಳಿದಿದೆ ಅಂದರೆ, ಪರೀಕ್ಷೆ. ನಾವು ಎಂಜಿನಿಯರಿಂಗ್ ಮುಗಿಸೋ ಹೊತ್ತಿಗೆ ಕ್ಯಾಂಪಸ್‌ಗೆ ಬರುತ್ತಿದ್ದ ಕಂಪನಿಯೊಂದರ ಲಿಖಿತ ಪರೀಕ್ಷೆಯಲ್ಲಿ ಸಮಾನಾರ್ಥ, ವಿರುದ್ಧಾರ್ಥದ ಪ್ರಶ್ನೆಗಳ ಸುರಿಮಳೆ ಇರುತ್ತಿತ್ತು, ಎಲ್ಲ ಜಿಆರ್‌ಇ ಮಾದರಿಯವು. ನಮ್ಮ ಬ್ಯಾಚಿನಲ್ಲಿ ಸಿ ಪ್ರೋಗ್ರಾಂನಲ್ಲಿ ಪಾಯಿಂಟರ್ ಅಂದರೇನು ಅಂತ ನಮಗೆಲ್ಲ ಹೇಳಿಕೊಟ್ಟವನು ಹುಕ್ಕೇರಿ ಕಡೆಯ ಗೆಳೆಯ. ಆ ಪರೀಕ್ಷೆಯಲ್ಲಿ ಅವನು ಶಬ್ದದ ಭಾಗದಲ್ಲೇ ಹೋದ. ಅವನಿಂದ ಕಲಿತ ನಾವು ಕೆಲವರು ಪಾಸಾದೆವು. ಆ ಪ್ರಶ್ನೆಗಳು ಅಳೆದದ್ದು ಏನನ್ನು? ಬುದ್ಧಿಯನ್ನಲ್ಲ, ಇಂಗ್ಲಿಷನ್ನೂ ಅಲ್ಲ. ಯಾರ ಮನೆಗೆ ಇಂಗ್ಲಿಷ್ ಪೇಪರ್ ಬರುತ್ತಿತ್ತು, ಯಾರ ಕೈಗೆ ಆ ಪಟ್ಟಿ ಮೊದಲು ಸಿಕ್ಕಿತು ಅನ್ನೋದನ್ನು.

ಇದು ಬರೀ ನಮ್ಮ ಗೊಣಗಾಟ ಅಂದುಕೊಳ್ಳಬೇಡಿ. ಜಿಆರ್‌ಇ ನಡೆಸುವವರೇ 2011ರ ಆಗಸ್ಟಿನಿಂದ ವಿರುದ್ಧಾರ್ಥ ಮತ್ತು ಅನಾಲಜಿ ಪ್ರಶ್ನೆಗಳನ್ನು ತೆಗೆದುಹಾಕಿದರು. ಸಂದರ್ಭ ಇಲ್ಲದೆ ಬಿಡಿ ಶಬ್ದ ಕೇಳೋದನ್ನು ಬಿಟ್ಟು, ವಾಕ್ಯದೊಳಗೆ ಯಾವ ಶಬ್ದ ಕೂಡುತ್ತದೆ ಅಂತ ಕೇಳೋಕೆ ಶುರು ಮಾಡಿದರು. ಅಮೆರಿಕದ ಎಸ್‌ಎಟಿ ಪರೀಕ್ಷೆ 2005ರಲ್ಲೇ ಅನಾಲಜಿ ಬಿಟ್ಟಿತ್ತು, 2016ರಲ್ಲಿ ಯಾರೂ ಬಳಸದ ಶಬ್ದಗಳನ್ನೂ ಬಿಟ್ಟಿತು. ಹುಟ್ಟಿಸಿದವರೇ ಕೈಬಿಟ್ಟದ್ದನ್ನು ನಮ್ಮ ಕೋಚಿಂಗ್ ಸೆಂಟರುಗಳು ಇನ್ನೂ ಫೀ ಇಸಿದುಕೊಂಡು ಕಲಿಸುತ್ತಿವೆ. 'ದಿನಕ್ಕೆ ಐವತ್ತು ಶಬ್ದ' ಅಂತ.

ಗೋಕಾಕದವನು ಅಂತ ಹೇಳಿದ ಕೂಡಲೇ ಮಂದಿ ಕೇಳೋದು ಎರಡು. ಒಂದು ಕರದಂಟು, ಇನ್ನೊಂದು ಗೋಕಾಕ್ ಚಳವಳಿ. 1982ರ ಆ ಚಳವಳಿಗೆ ಹೆಸರು ಬಂದದ್ದು ನಮ್ಮ ಊರಿನಿಂದಲ್ಲ, ವಿ.ಕೃ. ಗೋಕಾಕರ ವರದಿಯಿಂದ. ಅವರು ಹುಟ್ಟಿದ್ದು ಸವಣೂರಿನಲ್ಲಿ. ಕನ್ನಡವೇ ಪ್ರಥಮ ಭಾಷೆ ಆಗಬೇಕು ಅಂತ 1981ರಲ್ಲಿ ವರದಿ ಕೊಟ್ಟ ಆ ಮನುಷ್ಯ ವೃತ್ತಿಯಿಂದ ಇಂಗ್ಲಿಷ್ ಪ್ರೊಫೆಸರ್. ಆಕ್ಸ್‌ಫರ್ಡಿನಲ್ಲಿ ಓದಿದವರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು, ಆಮೇಲೆ ಕನ್ನಡಕ್ಕೆ ಜ್ಞಾನಪೀಠ ತಂದವರು. ಇಂಗ್ಲಿಷ್ ಚೆನ್ನಾಗಿ ಬಂದವರಿಗೇ ಕನ್ನಡ ಮೊದಲು ಇರಲಿ ಅನ್ನೋ ಧೈರ್ಯ ಇತ್ತು. ನಮ್ಮಲ್ಲಿ ಈ ಎರಡನ್ನು ಎದುರುಬದುರು ನಿಲ್ಲಿಸಿ ಕುಸ್ತಿ ಹಚ್ಚುತ್ತೇವೆ. 2007ರಿಂದ ಸರ್ಕಾರಿ ಶಾಲೆಯಲ್ಲಿ ಒಂದನೇ ಇಯತ್ತೆಯಿಂದಲೇ ಇಂಗ್ಲಿಷ್ ಬಂದಿದೆ, ಬಂದದ್ದು ಒಳ್ಳೆಯದೇ. ಆದರೆ ಎರಡರ ನಡುವೆ ಸೇತುವೆ ಕಟ್ಟೋ ಪುಸ್ತಕ ಮಾತ್ರ ಹುಡುಗರ ಕೈಗೆ ಬಂದಿಲ್ಲ.

ಕರದಂಟನ್ನೇ ತಗೋರಿ. ಲೂಯಿಸ್ ಥರ ಶಬ್ದ ಬಿಚ್ಚೋಣ. ಕರಿದ ಅಂಟು, ಕರದಂಟು. ತುಪ್ಪದಲ್ಲಿ ಕರಿದ ಅಂಟನ್ನು ಒಣಹಣ್ಣುಗಳ ಜೊತೆ ಬೆಲ್ಲದ ಪಾಕಕ್ಕೆ ಹಾಕಿ ಮಾಡೋದು. ಹುಟ್ಟಿದಾಗಿಂದ ತಿಂದವರಲ್ಲಿ ಎಷ್ಟೋ ಮಂದಿ ಹೆಸರನ್ನು ಬಿಚ್ಚಿ ನೋಡಿಲ್ಲ, ಯಾಕಂದರೆ ಯಾವ ಪಾಠದಲ್ಲೂ ಯಾರೂ ನಮಗೆ ಹಾಗೆ ಕೇಳಲಿಲ್ಲ. ಆ ಪಾಕ ಹದಕ್ಕೆ ಬರಬೇಕು ಅಂತೀವಲ್ಲ, ಆ ಹದ ಅನ್ನೋ ಶಬ್ದ ನೋಡಿ. ಪಾಕಕ್ಕೆ ಹದ ಅಂದರೆ ಇಂಗ್ಲಿಷಿನಲ್ಲಿ ಕನ್ಸಿಸ್ಟೆನ್ಸಿ. ಹೊಲ ಹದಕ್ಕೆ ಬಂತು ಅಂದರೆ ಟಿಲ್ತ್. ಕಬ್ಬಿಣಕ್ಕೆ ಹದ ಕೊಡೋದು ಟೆಂಪರ್. ಚರ್ಮ ಹದ ಮಾಡೋದು ಟ್ಯಾನಿಂಗ್. ನಮ್ಮ ಎರಡಕ್ಷರಕ್ಕೆ ಅವರ ನಾಲ್ಕು ಶಬ್ದ ಬೇಕಾಯಿತು. ಈ ನಾಲ್ಕೂ ಒಳ್ಳೇ ಇಂಗ್ಲಿಷ್ ಶಬ್ದಗಳೇ, ಮತ್ತು ಒಮ್ಮೆ ಹದದ ಮೂಲಕ ಕಲಿತರೆ ಮರೆಯೋದು ಕಷ್ಟ.

ಅದಕ್ಕೇ ನಾನು ಹೇಳೋದು, ಇಂಗ್ಲಿಷಿನಿಂದ ಕನ್ನಡಕ್ಕೆ ಬರೋ ದಾರಿ ಒಂದೇ ಸಾಲದು, ಕನ್ನಡದಿಂದ ಇಂಗ್ಲಿಷಿಗೆ ಹೋಗೋ ದಾರಿಯೂ ಬೇಕು. ಆ ದಾರಿ ಹೊಸದೇನಲ್ಲ. ಕಿಟೆಲ್ ಸಾಹೇಬರು ಧಾರವಾಡ, ಮಂಗಳೂರು ಕಡೆ ತಿರುಗಿ 1894ರಲ್ಲಿ ಪ್ರಕಟಿಸಿದ ನಿಘಂಟು ಕನ್ನಡ–ಇಂಗ್ಲಿಷ್ ನಿಘಂಟೇ. ಎಪ್ಪತ್ತು ಸಾವಿರದಷ್ಟು ಶಬ್ದ ಅದರಲ್ಲಿವೆ. ನಮ್ಮ ಕಾಲದಲ್ಲಿ ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಮಾಡಿದ 'ಅಲರ್' ನಿಘಂಟು 2019ರಿಂದ ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ, ಸುಮಾರು ಒಂದೂವರೆ ಲಕ್ಷ ಶಬ್ದ. ಮೊಬೈಲಿನಲ್ಲಿ ಕನ್ನಡದ ಶಬ್ದ ಹಾಕಿದರೆ ಇಂಗ್ಲಿಷ್ ಬರುತ್ತದೆ. ಮನಸ್ಸಿನಲ್ಲಿ ಮಾತು ಇದೆ, ಅದಕ್ಕೆ ಇಂಗ್ಲಿಷ್ಏನು ಅಂತ ಹುಡುಕುವವನಿಗೆ ಇದು ಬೇಕು. ಲೂಯಿಸ್ ಹೇಳಿದ್ದೂ ಇದನ್ನೇ ಅಲ್ಲವೇ, ವಿಚಾರ ಮೊದಲು ಶಬ್ದ ಆಮೇಲೆ ಅಂತ? ನಮ್ಮ ಹುಡುಗರ ವಿಚಾರ ಇರೋದು ಕನ್ನಡದಲ್ಲಿ. ಹೊರಡಬೇಕಾದ್ದೂ ಅಲ್ಲಿಂದಲೇ.

ಕಾಕಾನ ಮಗನಿಗೆ ನಾನು ಹೇಳಿದ್ದು ಹೀಗೆ. "ಪುಸ್ತಕ ಬಿಸಾಕಬ್ಯಾಡ ತಮ್ಮಾ. ಮೊದಲಿನ ಆರೇಳು ಅಧ್ಯಾಯ ಓದು, ಬೇರು ಹಿಡಿಯೋ ಆಟ ಕಲಿ, ಒಂದೊಂದು ಬೇರಿಗೂ ನಮ್ಮ ಕನ್ನಡದಾಗ ಸಂಬಂಧಿಕರು ಅದಾರೇನು ನೋಡು. ಬೈಗುಳದ ಅಧ್ಯಾಯ ಬಿಟ್ಟರ ನಡೀತೈತಿ, ಅದರಾಗ ನಾವು ಮೊದಲ ಶ್ಯಾಣ್ಯಾರು. ಪರೀಕ್ಷೆಗೆ ಅಂತ ದಿನಾ ಒಂದು ಇಂಗ್ಲಿಷ್ ಪೇಪರ್ ಓದು, ಶಬ್ದ ಒಂದನ್ನೇ ಬರಕೋಬ್ಯಾಡ, ಅದು ಇರೋ ವಾಕ್ಯ ಪೂರ್ತಿ ಬರಕೋ. ಸಣ್ಣ ಶಬ್ದಕ್ಕ ನಾಚಬ್ಯಾಡ. ಬೈ, ಅಂಟಿಲ್, ಅನ್‌ಲೆಸ್ ಇವನ್ನ ತಪ್ಪಿಲ್ಲದಂಗ ಹಚ್ಚಾಕ ಬಂದ್ರ ನೀ ಅರ್ಧ ಇಂಗ್ಲಿಷ್ ಗೆದ್ದಂಗ. ಮತ್ತ ದಿನಾ ರಾತ್ರಿ ಊರಿನ ಒಂದು ಸುದ್ದಿ, ಐದೇ ಐದು ಸಾಲು, ಇಂಗ್ಲಿಷಿನಾಗ ಬರದು ನನಗ ವಾಟ್ಸ್ಯಾಪ್ ಮಾಡು. ನಾ ದೂತಿ ಕೆಲಸ ಮಾಡತೀನಿ."

ಅವನು ಬರೆಯುತ್ತಿದ್ದಾನೆ. ಕಳೆದ ವಾರ ಬಂದ ಐದು ಸಾಲಿನಲ್ಲಿ, ತಮ್ಮ ಹೊಲಕ್ಕೆ ಈ ಸರ್ತಿ ಕಾಲುವೆ ನೀರು ಯಾಕೆ ಬರಲಿಲ್ಲ ಅನ್ನೋದು ಇತ್ತು. ಲೂಯಿಸ್ ಪುಸ್ತಕದ ಒಂದು ಶಬ್ದವೂ ಅದರಲ್ಲಿ ಇರಲಿಲ್ಲ. ಅನ್‌ಲೆಸ್ ಒಂದು ಕಡೆ ಬಂದಿತ್ತು, ಸರಿಯಾದ ಜಾಗದಲ್ಲಿ. ನೀರು ಯಾಕೆ ಬರಲಿಲ್ಲ ಅನ್ನೋದು ಇಂಗ್ಲಿಷ್ ಮಾತ್ರ ಬರುವ ನನ್ನ ತಂಡದವರಿಗೂ ಅದನ್ನು ಓದಿ ಪೂರ್ತಿ ತಿಳಿಯುವ ಹಾಗಿತ್ತು.